ಇದ್ದದ್ದು ಇದ್ದಂತೆ

ಎನಿಡ್ ಬಾರಕ್ಲಫ್ ಬಾಯಿ ಮುಚ್ಚಿಕೊಂಡು ಕೂರುವ ಹೆಂಗಸೇ ಅಲ್ಲ. ಗಂಡ ಸತ್ತ ಮೇಲೆ ಯಾರ್ಕ್‌ಷೈರಿನ ಹೋಮ್‌ಶಾ ಊರಲ್ಲಿ ಮಾಂಸದಂಗಡಿಯನ್ನು ಒಬ್ಬಳೇ ನಡೆಸಿದವಳು, ತೂಕದಲ್ಲಿ ಮೋಸ ಅಂದವನಿಗೆ ಕತ್ತಿ ಹಿಡಿದ ಕೈಯಲ್ಲೇ ಉತ್ತರ ಕೊಟ್ಟವಳು. ಅಂಥವಳ ಬಾಯಿಗೂ ತಿಂಗಳಿಗೊಂದು ಸಲ ಬೀಗ ಬೀಳುತ್ತಿತ್ತು. ಲೇಬರ್ ಪಕ್ಷದ ಊರ ಸಭೆಗೆ ಅವಳು ಅಧ್ಯಕ್ಷೆ. ಅಧ್ಯಕ್ಷರಾದವರು ಚರ್ಚೆಯಲ್ಲಿ ಮಾತಾಡುವ ಹಾಗಿಲ್ಲ, ಕೈ ಎತ್ತುವ ಹಾಗಿಲ್ಲ. ಮತ ಸಮ ಬಿದ್ದಾಗ ಮಾತ್ರ ಅವರದೊಂದು ಮತ. ಅದನ್ನೂ ಮನಸ್ಸಿಗೆ ಬಂದ ಕಡೆ ಹಾಕುವಂತಿಲ್ಲ. ಇದ್ದದ್ದು ಇದ್ದಂತೆ ಉಳಿಯುವ ಕಡೆಗೇ ಹಾಕಬೇಕು. ಅಜ್ಜಂದಿರ ಕಾಲದಿಂದ ನಡೆದು ಬಂದ ಪದ್ಧತಿ ಅದು, ಪಾರ್ಲಿಮೆಂಟಿನ ಅಧ್ಯಕ್ಷರಿಗೂ ಅದೇ.

ಪದ್ಧತಿಯೆಂದರೆ ಎನಿಡ್‌ಗೆ ಪದ್ಧತಿ. ಸಭೆ ಸೇರುವ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆ ಒಡೆದು ಮಕ್ಕಳಿಗೆ ಆಟದ ಜಾಗ ಮಾಡಬೇಕೆಂಬ ಮಾತು ಬಂದಾಗ ಅವಳ ಜೀವವೆಲ್ಲ ಮಕ್ಕಳ ಕಡೆಗೇ ಇತ್ತು. ಮತ ಸಮ ಬಿತ್ತು. ಹಲ್ಲು ಕಚ್ಚಿ ಗಂಡಸರ ಬಿಲಿಯರ್ಡ್ಸ್‌ಗೇ ಹಾಕಿದಳು. ಬೀದಿಯ ಹೆಂಗಸರು ಎಷ್ಟೋ ದಿನ ಅವಳ ಅಂಗಡಿ ಕಡೆ ತಲೆ ಹಾಕಲಿಲ್ಲ.

ಇದನ್ನೆಲ್ಲ ಚೆನ್ನಾಗಿ ಬಲ್ಲವನು ಆ ಊರಿನ ಸಂಸದ ಕ್ಲೈವ್ ಹೆಪ್‌ವರ್ತ್. ಅವನ ಮೊದಲ ಚುನಾವಣೆಗೆ ಮನೆಮನೆ ಬಾಗಿಲು ಬಡಿದವಳು ಎನಿಡ್. ಎರಡು ಸಾವಿರದ ಮೂರರ ಮಾರ್ಚ್ ತಿಂಗಳ ಒಂದು ಶನಿವಾರ, ಎಂದಿನಂತೆ ಭಾನುವಾರದ ಊಟಕ್ಕೆ ದನದ ಮಾಂಸ ಕೊಳ್ಳಲು ಬಂದ. ಇರಾಕಿನ ಮೇಲೆ ಯುದ್ಧಕ್ಕೆ ಹೋಗಬೇಕೋ ಬೇಡವೋ ಎಂದು ಪಾರ್ಲಿಮೆಂಟು ಮಂಗಳವಾರ ಮತ ಹಾಕುವುದಿತ್ತು. ಅದಕ್ಕೆ ಮೊದಲು, ಮಾರನೆಯ ದಿನವೇ, ಊರ ಸಭೆ.

"ಪೇಪರ್‌ನಲ್ಲಿ ಹೇಳಿಬಿಟ್ಟಿದೀನಿ ಎನಿಡ್, ಊರ ಸಭೆ ಹೇಳಿದ ಹಾಗೇ ನಾನು ಮತ ಹಾಕೋದು ಅಂತ."

"ಧೈರ್ಯ ಜಾಸ್ತಿಯಾಯ್ತು ನಿಂದು. ಜನ ಬೇಡ ಅಂದ್ರೆ?"

"ಅನ್ನಲ್ಲ. ಯಾರ್ಯಾರು ಯಾವ ಕಡೆ ಅಂತ ನೋಡ್ಕೊಂಡೇ ಹೇಳಿದ್ದು. ಸಮ ಬಿದ್ರೂ ಸಾಕು ನಂಗೆ, ಯುದ್ಧ ಬೇಡ ಅನ್ನೋ ಗೊತ್ತುವಳಿ ಬಿದ್ದುಹೋಗುತ್ತೆ. ನೀನಿದೀಯಲ್ಲ."

ಕಣ್ಣು ಮಿಟುಕಿಸಿ ಹೋದ. ಎನಿಡ್‌ಗೆ ಮೈಯೆಲ್ಲ ಉರಿದುಹೋಯಿತು. ಈ ಯುದ್ಧ ಬೇಡವೇ ಬೇಡ ಎಂದು ಅವಳ ಒಳಗು ಕೂಗುತ್ತಿತ್ತು. ಇವನೋ, ಅವಳ ಪ್ರಾಮಾಣಿಕತೆಯನ್ನೇ ಜೇಬಿಗೆ ಹಾಕಿಕೊಂಡು ಯುದ್ಧಕ್ಕೆ ಹೊರಟಿದ್ದಾನೆ.

ಭಾನುವಾರ ಮಧ್ಯಾಹ್ನ ಕ್ಲಬ್ಬು ತುಂಬಿತ್ತು. ಬಸ್ ಓಡಿಸುವ ಜಹೂರ್ ಮಿರ್ಜಾ ಎದ್ದು ಗೊತ್ತುವಳಿ ಮಂಡಿಸಿದ: ಇರಾಕಿನಲ್ಲಿ ಶಸ್ತ್ರಾಸ್ತ್ರ ಹುಡುಕಲು ಹೋದ ವಿಶ್ವಸಂಸ್ಥೆಯವರ ತಪಾಸಣೆ ಮುಗಿಯುವ ತನಕ ನಮ್ಮ ಸಂಸದರು ಯುದ್ಧಕ್ಕೆ ಒಪ್ಪಬಾರದು.

ಕೊರಿಯಾದಲ್ಲಿ ಯುದ್ಧ ಮಾಡಿ ಬಂದ ಮುದುಕ ನಾರ್ಮನ್ ಟಾರ್ಡಾಫ್ ಕೋಲೂರಿ ಎದ್ದ. "ತನ್ನ ಜನರ ಮೇಲೇ ವಿಷದ ಗಾಳಿ ಬಿಟ್ಟವನು ಆ ಸದ್ದಾಮ. ಅವನ ಹತ್ರ ಏನೂ ಇಲ್ಲ ಅಂದ್ರೆ ನಂಬ್ತೀರಾ? ಬಚ್ಚಿಟ್ಟಿದಾನೆ. ಸಿಗ್ತಾ ಇಲ್ಲ ಅನ್ನೋದೇ ಸಾಕ್ಷಿ."

"ಸಿಕ್ರೂ ತಪ್ಪು, ಸಿಗದಿದ್ರೂ ತಪ್ಪು," ಅಂದ ಜಹೂರ್. "ಹಾಗಾದ್ರೆ ಹುಡುಕೋಕೆ ಯಾಕೆ ಕಳಿಸಿದ್ರಿ? ಊರು ನೋಡ್ಕೊಂಡು ಬರೋಕಾ?"

ಸಭೆ ನಕ್ಕಿತು. ಎನಿಡ್ ನಗಲಿಲ್ಲ. ಅವಳ ಅಂಗಡಿಯಲ್ಲಿ ಇಲಿ ಇದೆ ಎಂದು ಒಮ್ಮೆ ಯಾರೋ ಚಾಡಿ ಹೇಳಿದ್ದರು. ಕೌನ್ಸಿಲ್‌ನವರು ಮೂಲೆಮೂಲೆ ತಡಕಿ, ಇಲ್ಲವೆಂದು ಬರೆದುಕೊಟ್ಟು ಹೋಗಿದ್ದರು. ಅವರು ಹುಡುಕುತ್ತಿರುವಾಗಲೇ ಅಂಗಡಿಗೆ ಬೆಂಕಿ ಇಟ್ಟಿದ್ದರೆ? ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿ, "ಮುಂದಿನವರು ಮಾತಾಡಿ" ಅಂದಳು. ನುಂಗುವುದಕ್ಕೆ ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

ಕ್ಲೈವ್ ಚೆನ್ನಾಗಿಯೇ ಮಾತಾಡಿದ. ಮಾತು ಅವನಿಗೆ ಬೆಣ್ಣೆ ಸವರಿದ ಹಾಗೆ ಬರುತ್ತಿತ್ತು. ಆಮೇಲೆ ಕೈಗಳು ಎದ್ದವು. ಗೊತ್ತುವಳಿಯ ಪರ ಹದಿನೇಳು, ವಿರೋಧ ಹದಿನೇಳು.

ಕ್ಲೈವ್ ಎದ್ದು ಕೋಟಿಗೆ ತೋಳು ತೂರಿಸತೊಡಗಿದ. ಜಹೂರ್ ತಲೆ ತಗ್ಗಿಸಿದ. ಬಿಲಿಯರ್ಡ್ಸ್ ಕೋಣೆಯ ಕಥೆ ಅವನಿಗೂ ಗೊತ್ತಿತ್ತು.

"ಕೋಟು ತೆಗೆದಿಡು ಕ್ಲೈವ್," ಅಂದಳು ಎನಿಡ್. "ನಾನಿನ್ನೂ ಮತ ಹಾಕಿಲ್ಲ."

ಅವನು ಒಂದೇ ತೋಳು ತೂರಿಸಿದ ಕೋಟಿನಲ್ಲೇ ಮತ್ತೆ ಕೂತ.

"ಇದ್ದದ್ದು ಇದ್ದಂತೆ ಉಳಿಸ್ಬೇಕು. ಇವತ್ತಿನವರೆಗೆ ಅದನ್ನ ಮುರಿದಿಲ್ಲ, ಇವತ್ತೂ ಮುರಿಯಲ್ಲ. ಈಗ ಇರೋದು ಏನು? ತಪಾಸಣೆಯವರು ಅಲ್ಲಿ ಹುಡುಕ್ತಾ ಇದಾರೆ. ಒಂದು ಬಾಂಬೂ ಬಿದ್ದಿಲ್ಲ. ಇದು ಹೀಗೇ ಇರ್ಲಿ ಅಂತಿರೋದು ಜಹೂರ್. ಬದಲಾಯಿಸೋಕೆ ಹೊರಟಿರೋನು ನೀನು. ನನ್ನ ಮತ ಗೊತ್ತುವಳಿಗೆ."

ನಾರ್ಮನ್ ಕೋಲು ಕುಟ್ಟಿದ. "ಅಧ್ಯಕ್ಷರೇ, ಇದು ಅನ್ಯಾಯ. ಸಮ ಬಿದ್ರೆ ಗೊತ್ತುವಳಿ ಬೀಳ್ಬೇಕು. ಹಾಗೇ ಮಾಡ್ಕೊಂಡು ಬಂದಿದೀವಿ."

"ಯಾಕೆ ಹಾಗೆ ಮಾಡ್ಕೊಂಡು ಬಂದ್ವಿ ನಾರ್ಮನ್? ಅರ್ಧ ಜನಕ್ಕೆ ಮನಸ್ಸಿಲ್ಲದೆ ಇರೋವಾಗ ಕೈ ಹಾಕಿ ಏನನ್ನೂ ಕೆಡಿಸಬಾರದು ಅಂತ. ಆ ಬಿಲಿಯರ್ಡ್ಸ್ ಗೋಡೆನ ಒಡೆದಿದ್ರೂ ಮತ್ತೆ ಕಟ್ಟಬಹುದಿತ್ತು, ಆದ್ರೂ ನಾನು ಮುಟ್ಟಲಿಲ್ಲ. ಯುದ್ಧಕ್ಕೆ ಹೋಗಿ ಬಂದೋನು ನೀನು, ನೀನೇ ಹೇಳು. ಶುರು ಮಾಡಿದ್ಮೇಲೆ ಮತ್ತೆ ಮೊದಲಿನ ಹಾಗೆ ಮಾಡೋಕೆ ಆಗುತ್ತಾ?"

ನಾರ್ಮನ್ ಕೋಲಿನ ಹಿಡಿಯತ್ತ ನೋಡಿದ. "ಆಗಲ್ಲ," ಅಂದು ಕೂತುಬಿಟ್ಟ.

ಬಾಗಿಲ ಬಳಿ ಕ್ಲೈವ್ ಅವಳನ್ನು ತಡೆದ. ಮುಖ ಕೆಂಪಾಗಿತ್ತು. "ಎಷ್ಟು ವರ್ಷದಿಂದ ನಿನ್ನ ನಂಬಿದ್ದೆ ನಾನು."

"ನಾನೂ ನಂಬಿದೀನಿ," ಅಂದಳು ಎನಿಡ್. "ಪೇಪರ್‌ನಲ್ಲಿ ಹೇಳಿದ್ದನ್ನ ಉಳಿಸ್ಕೋತೀಯ ಅಂತ."

ಹೊರಗೆ ಗಟ್ಟಿಯಾಗಿ ಅಂದಳೇ ಹೊರತು, ಮಂಗಳವಾರದವರೆಗೂ ಅವಳಿಗೆ ಊಟ ಸೇರಲಿಲ್ಲ. ಅವನು ಮಾತು ತಪ್ಪಿದರೆ ಅವಳು ಕೇಳುವಂತಿರಲಿಲ್ಲ, ಊರ ಸಭೆಯ ಗೊತ್ತುವಳಿಗೆ ಸಂಸದನ ಕೈ ಕಟ್ಟುವ ಬಲವಿಲ್ಲ. ಪಾರ್ಲಿಮೆಂಟು ಯುದ್ಧಕ್ಕೆ ಹೂಂ ಅಂದ ಸುದ್ದಿ ಬಂತು. ಗುರುವಾರ ಬಾಂಬು ಬೀಳತೊಡಗಿದವು. ಕ್ಲೈವ್ ಯಾವ ಕಡೆ ಹಾಕಿದ ಎಂದು ಅವಳು ಯಾರನ್ನೂ ಕೇಳಲಿಲ್ಲ, ಪೇಪರನ್ನೂ ಮುಟ್ಟಲಿಲ್ಲ. ಅವನ ಬಾಯಿಂದಲೇ ಬರಲಿ ಎಂಬ ಹಟ.

ಶನಿವಾರ ಅವನು ಬಂದು ಸಾಲಿನ ಕೊನೆಯಲ್ಲಿ ನಿಂತ. ಸರದಿ ಬಂದಾಗ ಎನಿಡ್ ಅವನ ಮಾಂಸದ ತುಂಡನ್ನು ಆಗಲೇ ತೆಗೆದಿಟ್ಟಿದ್ದಳು.

"ಯುದ್ಧ ಬೇಡ ಅನ್ನೋರ ಬಾಗಿಲಿಂದಲೇ ಹೋಗಿ ಮತ ಹಾಕಿದೆ ಎನಿಡ್. ಹೇಳಿದ ಹಾಗೇ. ನಮ್ಮ ಪಕ್ಷದವರು ನೂರಕ್ಕೂ ಮೇಲಿದ್ವಿ. ಆದ್ರೂ ಆಗಲಿಲ್ಲ."

ಎನಿಡ್‌ಳ ಕಣ್ಣು ತುಂಬಿ ಬಂತು. ಬಿದ್ದ ಬಾಂಬುಗಳಿಗೋ, ಎದುರಿಗೆ ನಿಂತ ಈ ಮನುಷ್ಯನಿಗೋ, ಅವಳಿಗೇ ತಿಳಿಯಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಂಡು ಮಾಂಸವನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು.

"ಮುಂದಿನ ಸಲ ಸಮ ಬೀಳೋ ಹಾಗಾದ್ರೂ ಮಾಡ್ಕೊಂಡು ಬಾ," ಅಂದಳು. "ಮಿಕ್ಕಿದ್ದನ್ನ ಅಲ್ಲಿಯ ಅಧ್ಯಕ್ಷರು ನೋಡ್ಕೋತಾರೆ."