ಇರ್ರಿ ಅಲ್ಲ, ಇರೂಣು

ಶಿವಗಂಗವ್ವನಿಗೆ ಒಂದು ಸೊಕ್ಕಿತ್ತು. ಮನುಷ್ಯನ ಊಟದ ತಾಟು ನೋಡಿ ಮನಸ್ಸು ಹೇಳುತ್ತೇನೆ ಎನ್ನುವ ಸೊಕ್ಕು. ಇರಲಿ ಬಿಡಿ, ಸುಮ್ಮನೆ ಬಂದ ಸೊಕ್ಕಲ್ಲ ಅದು. ದಾಂಡೇಲಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವಳು. ಕಾಗದದ ಮಿಲ್ಲಿನ ಭೋಂಗಾ ಕೂಗಿ ಪಾಳಿ ಬಿಟ್ಟಿತೆಂದರೆ ನಲವತ್ತು ಮಂದಿ ಬಂದು ಕೂರುತ್ತಿದ್ದರು. ಯಾರು ರೊಟ್ಟಿ ಹೇಗೆ ಮುರಿಯುತ್ತಾರೆ, ಯಾರು ಪಲ್ಯ ಬದಿಗೆ ಸರಿಸುತ್ತಾರೆ, ಎಲ್ಲ ಅವಳ ಕಣ್ಣಲ್ಲಿ.

"ಏ ಮೌನೇಶಾ, ಹೆಂಡ್ತಿ ಕೂಡ ಜಗಳಾ ಮಾಡಿ ಬಂದೀಯೇನೋ?"

ಮೌನೇಶ ಮಿಲ್ಲಿನಲ್ಲಿ ಕಟ್ಟಿಗೆ ಎತ್ತುವ ಕ್ರೇನ್ ನಡೆಸುವವನು. ಹೆಸರಷ್ಟೇ ಮೌನ, ಬಾಯಿ ಹರಳು ಹುರಿದಂತೆ. ಅವತ್ತು ತಲೆ ತಗ್ಗಿಸಿ ಕೇಳಿದ. "ನಿಮಗ ಯಾರ ಹೇಳಿದರಬೇ?"

"ನಿನ್ನ ಶೇಂಗಾ ಚಟ್ನಿ ಹೇಳ್ತು. ದಿನಾ ಎರಡ ಸಲ ಬೇಡಾಂವ, ಇವತ್ತ ಮುಟ್ಟಿಲ್ಲ. ಮೊದಲ ಅಕಿಗೆ ಫೋನ್ ಹಚ್ಚು, ಆಮ್ಯಾಲೆ ಮಜ್ಜಿಗಿ ಹಾಕ್ತೇನಿ."

ಇಂಥ ಶಿವಗಂಗವ್ವ ತನ್ನ ಮನೆಯದೇ ಒಂದು ತಾಟನ್ನು ನಾಲ್ಕು ತಿಂಗಳು ತಪ್ಪಾಗಿ ಓದಿದಳು. ಮೊಮ್ಮಗಳು ಸುಮಿತಾಳ ತಾಟನ್ನು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಇನ್ನೊಂದಿಷ್ಟು ದಿನ ತಪ್ಪಾಗಿಯೇ ಓದಿದ್ದರೆ ಆ ಹುಡುಗಿ ಕೈತಪ್ಪಿ ಹೋಗುತ್ತಿದ್ದಳು.

ಸುಮಿತಾಗೆ ಹದಿನಾರು, ಪಿಯುಸಿ ಮೊದಲ ವರ್ಷ. ಶಿವಗಂಗವ್ವನ ಮಗ ವೀರೇಶ, ಸೊಸೆ ರಾಜಶ್ರೀ, ಇಬ್ಬರಿಗೂ ಒಬ್ಬಳೇ ಮಗಳು. ಮಾತು ಕಲಿತ ದಿನದಿಂದ ಬಾಯಿ ಮುಚ್ಚಿದವಳಲ್ಲ. ಅಜ್ಜಿ ಧಾರಾವಾಹಿ ಹಚ್ಚಿದರೆ ಇವಳು ಕಬಡ್ಡಿ ಹಚ್ಚುವವಳು. ರಿಮೋಟಿಗಾಗಿ ದಿನಾ ಕುಸ್ತಿ. ಅಜ್ಜಿಯನ್ನು ಆಯಿ ಎನ್ನುವುದು ಆ ಮನೆಯ ರೂಢಿ, ಆದರೆ ಜಗಳದ ಹೊತ್ತಿಗೆ ಮಾತ್ರ ಪೂರ್ತಿ ಹೆಸರು ಹಿಡಿದು "ಶಿವಗಂಗವ್ವಾ, ಕೊಡ ರಿಮೋಟ್!" ಎನ್ನುತ್ತಿದ್ದಳು. ರೊಟ್ಟಿ ದಪ್ಪ ಎಂದು ಹೆಸರಿಟ್ಟೂ ಮೂರು ತಿನ್ನುವವಳು. ಈ ಹುಡುಗಿಯ ಬಾಯಿ ಮುಂದೆ ಮಿಲ್ಲಿನ ಭೋಂಗಾ ಕೂಡ ನಾಚುತ್ತದೆ ಎಂದು ಗಲ್ಲಿಯ ತುಂಬ ಮಾತಿತ್ತು.

ಜೂನ್ ಮುಗಿಯುವ ಹೊತ್ತಿಗೆ ಆ ಬಾಯಿ ನಿಂತಿತು. ಒಂದೇ ದಿನಕ್ಕೆ ಅಲ್ಲ, ನಲ್ಲಿಯ ನೀರು ಸಣ್ಣಗಾಗಿ ನಿಲ್ಲುತ್ತದಲ್ಲ, ಹಾಗೆ. ಶಿವಗಂಗವ್ವ ಅದಕ್ಕೆ ಒಂದು ಹೆಸರು ಕೊಟ್ಟು ಖುಷಿಪಟ್ಟಳು: ಶಾಣ್ಯಾತನ.

ಈ ಸೀಮೆಯಲ್ಲಿ 'ಶಾಣ್ಯಾ', ಅಂದರೆ ಜಾಣ, ಎನ್ನುವುದಕ್ಕಿಂತ ದೊಡ್ಡ ಪದಕವಿಲ್ಲ. ಅಳದ ಕೂಸು ಶಾಣ್ಯಾ, ಎದುರಾಡದ ಸೊಸೆ ಶಾಣ್ಯಾ, ಏನೂ ಬೇಡದ ಮಗಳು ಶಾಣ್ಯಾ. ಹಾಗೆ ನೋಡಿದರೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತ ಫೋಟೊಗಳೆಲ್ಲ ಮಹಾ ಶಾಣ್ಯಾ. ಆದರೆ ಅಷ್ಟು ಯೋಚಿಸುವ ವ್ಯವಧಾನ ಯಾರಿಗಿತ್ತು?

"ನಮ್ಮ ಸುಮಿ ಎಷ್ಟ ಶಾಣ್ಯಾಕಿ ಆಗ್ಯಾಳ ಅಂತೀರಿ!" ಎಂದು ರೊಟ್ಟಿ ಬಡಿಸುತ್ತಲೇ ಹೇಳುತ್ತಿದ್ದಳು. "ಟಿವಿ ಬ್ಯಾಡ ಅಂತಾಳ. ಹಬ್ಬಕ್ಕ ಹೊಸಾ ಅರಬಿ ಬ್ಯಾಡ ಅಂತಾಳ. ಆ ಖೊಖೊ ಸುದ್ದಾ ಬಿಟ್ಟಾಳ. ಕಾಲೇಜಿನಿಂದ ಬಂದಾಕಿನ ಮಲಕೋತಾಳ, ಒಂದ ಮಾತಿಲ್ಲ, ಕತಿ ಇಲ್ಲ."

"ಮಲಕೊಳ್ಳೂದ ಶಾಣ್ಯಾತನ ಆದ್ರ, ನಮ್ಮ ಸೂಪರ್‌ವೈಸರ್ ಮಹಾಜ್ಞಾನಿ ನೋಡ್ರಿ" ಎಂದ ಮೌನೇಶ. ಎಲ್ಲರೂ ನಕ್ಕರು. ಶಿವಗಂಗವ್ವನೂ ನಕ್ಕಳು.

ಮೂರು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಈಗಿನ ಹುಡುಗಿಯರು ತೆಳ್ಳಗಿರಬೇಕು ಅಂತಾರೆ ಎಂದು ಆಯಿ ತಾನೇ ಸಮಾಧಾನ ಹೇಳಿಕೊಂಡಳು. ನಾಲ್ಕು ದಿನಕ್ಕೊಮ್ಮೆಯೂ ತಲೆ ಬಾಚದಿದ್ದರೆ ಓದಿನ ಚಿಂತೆ ಎಂದಳು. ಆದರೆ ಪರೀಕ್ಷೆಯ ಅಂಕಗಳು ದಬದಬ ಬಿದ್ದವು. "ಎಲ್ಲಾ ಮೊಬೈಲಿಂದ" ಎಂದು ವೀರೇಶ ಫೋನ್ ಕೇಳಿದ. ಮೊದಲಾಗಿದ್ದರೆ ಮನೆ ಹಾರಿಹೋಗುವ ಗದ್ದಲ. ಈಗ ಸುಮ್ಮನೆ ತೆಗೆದುಕೊಟ್ಟಳು. ಅದೂ ಶಾಣ್ಯಾತನದ ಪಟ್ಟಿಗೇ ಸೇರಿತು.

ಒಂದು ಸಲ ಮಾತ್ರ ಹುಡುಗಿ ಹಿಂದಿನ ಬಾಗಿಲಿಗೆ ಒರಗಿ, "ಆಯಿ, ನನಗ ಭಾಳ ಬ್ಯಾಸರ ಆಗೇತಿ" ಎಂದಿದ್ದಳು. ಬೇಸರ ಅನ್ನುವುದು ಇಲ್ಲಿ ಬಸ್ಸು ತಡವಾದರೂ ಬರುತ್ತದೆ, ಕರೆಂಟು ಹೋದರೂ ಬರುತ್ತದೆ. "ಬ್ಯಾಸರಾದ್ರ ಎರಡ ಉಳ್ಳಾಗಡ್ಡಿ ಹೆಚ್ಚು, ಹೋಗತೈತಿ" ಎಂದು ಶಿವಗಂಗವ್ವ ಬುಟ್ಟಿ ಸರಿಸಿದ್ದಳು. ಹುಡುಗಿ ಹೆಚ್ಚಿದಳು. ಕಣ್ಣೀರು ಬಂತು. ಉಳ್ಳಾಗಡ್ಡಿ ಎಂದರೆ ಬರದಿರುತ್ತದೆಯೇ ಎಂದು ಯಾರೂ ನೋಡಲಿಲ್ಲ.

ಹೀಗೆ ದಸರಾ ಬಂತು. ವಿಜಯದಶಮಿಯ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ, ಹಿರಿಯರ ಕಾಲು ಮುಟ್ಟಿ, ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನಬೇಕು. ಇರೂಣು ಎಂದರೆ ನೀನೂ ನಾನೂ ಕೂಡಿಯೇ ಇರೋಣ. ಈ ಮಾತನ್ನು ಯಾರಾದರೂ ಅರ್ಧಂಬರ್ಧ ನುಂಗಿದರೆ ಶಿವಗಂಗವ್ವ ಎಲೆಯನ್ನೇ ಮುಟ್ಟುತ್ತಿರಲಿಲ್ಲ. ನಾಲ್ಕು ವರ್ಷದ ಸುಮಿತಾಗೆ ಮಂಡಿಗೆ ಮಂಡಿ ಹಚ್ಚಿ ಕೂತು ಕಲಿಸಿದವಳೂ ಅವಳೇ.

ಐದು ಗಂಟೆಗೆ ಮೊದಲು ಬಂದವಳು ಪಕ್ಕದ ಮನೆಯ ರೂಪಾಲಿ, ಸುಮಿತಾಳ ಜೀವದ ಗೆಳತಿ. ಬಗ್ಗಿ ಕಾಲು ಮುಟ್ಟುವಾಗ ಅವಳ ಕಿವಿಯಲ್ಲಿ ಝುಮಕಿ ಅಲ್ಲಾಡಿತು.

"ಅಲ್ಲಬೇ, ಇವು ನಮ್ಮ ಸುಮೀವಲ್ಲ?"

"ಹೂಂ ಆಯಿ. ಅಕಿನ ಕೊಟ್ಲು. ನೀನ ಇಟ್ಕೋ, ನನಗಿನ್ನ ಬೇಕಾಗೂದಿಲ್ಲ ಅಂದ್ಲು. ಬಣ್ಣದ ಡಬ್ಬಿ ನಮ್ಮ ಕ್ಲಾಸಿನ ಪೂರ್ಣಿಮಾಗ ಕೊಟ್ಟಾಳ."

"ದಾನಾ ಮಾಡೂವಷ್ಟ ಶಾಣ್ಯಾಕಿ ಆದ್ಲು" ಎಂದಿತು ಶಿವಗಂಗವ್ವನ ಬಾಯಿ, ರೂಢಿಯ ಬಲದಿಂದ. ಆದರೆ ಕಣ್ಣು ಆ ಝುಮಕಿಯನ್ನು ಬಿಡಲಿಲ್ಲ. ಹೋದ ವರ್ಷ ಹಳಿಯಾಳದ ಪೇಟೆಯಲ್ಲಿ ಇದೇ ಝುಮಕಿಗಾಗಿ ಹುಡುಗಿ ನಡುಬೀದಿಯಲ್ಲಿ ಕೂತು ಹಟ ಹಿಡಿದಿದ್ದಳು.

ಆಮೇಲೆ ಸುಮಿತಾ ಬಂದಳು. ಅಪ್ಪನಿಗೆ ಕೊಟ್ಟಳು, ಅವ್ವನಿಗೆ ಕೊಟ್ಟಳು. ಆಯಿಯ ಕಾಲು ಮುಟ್ಟಿ, ಎಲೆ ಚಾಚಿ, ಸಣ್ಣ ದನಿಯಲ್ಲಿ ಹೇಳಿದಳು.

"ಬನ್ನಿ ತಗೊಂಡು ಬಂಗಾರದಂಗ ಇರ್ರಿ, ಆಯಿ."

ಶಿವಗಂಗವ್ವನಿಗೆ ಮೊದಲು ಬಂದದ್ದು ಸಿಟ್ಟೇ. "ಏನವಾ, ನೀ ನನಗ ಆಶೀರ್ವಾದ ಮಾಡಾಕತ್ತೀಯೇನು? ಇರ್ರಿ ಅಲ್ಲ, ಇರೂಣು. ಅನ್ನು."

ಸುಮಿತಾಳ ತುಟಿ ಅಲುಗಿತು. "ಬಂಗಾರದಂಗ..." ಎಂದಳು. ಮುಂದಿನ ಮಾತು ಬರಲಿಲ್ಲ. ಇನ್ನೊಮ್ಮೆ ಬಾಯಿ ತೆರೆದಳು. ಬರಲಿಲ್ಲ.

ಊರಿಗೆ ಹೊರಟವರು ಮನೆಯಲ್ಲಿ ಉಳಿದವರಿಗೆ ಹೇಳುವುದಿಲ್ಲವೇ, ಚೆಂದಾಗಿ ಇರ್ರಿ ಅಂತ? ಹೋಗುವವರ ಮಾತು ಅದು. ಮೂರು ರೊಟ್ಟಿ, ಒಂದು ರೊಟ್ಟಿ, ಅರ್ಧ ರೊಟ್ಟಿ, ಸುಮ್ಮನೆ ಕೊಟ್ಟ ಫೋನು, ಝುಮಕಿ. ನಾಲ್ಕು ತಿಂಗಳಿಂದ ತೊಳೆದಿಟ್ಟ ತಾಟುಗಳೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದು ನಿಂತವು. ಶಿವಗಂಗವ್ವ ಮೊಮ್ಮಗಳ ಕೈ ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟಳು.

"ಸುಮಿ, ನನ್ನ ಮಾರಿ ನೋಡು. ಜೀವಾ ಬ್ಯಾಡ ಅನಸೇತೇನು?"

"ಅತ್ತೀ!" ಒಳಗಿಂದ ರಾಜಶ್ರೀ ಚೀರಿದಳು. "ಹಬ್ಬದ ದಿನ ಎಂಥಾ ಮಾತರೀ! ಬಿಡ್ತು ಅನ್ರಿ!"

"ಬಿಡ್ತು ಅನಕೋತನ ನಾಕ ತಿಂಗಳ ಕಳದೇವಿ. ನೀ ಸುಮ್ನಿರು. ಅಕಿ ಹೇಳ್ಲಿ."

ಗಲ್ಲಿಯಲ್ಲಿ ಮಕ್ಕಳು ಬನ್ನಿ ಬನ್ನಿ ಎಂದು ಕೂಗುತ್ತ ಓಡಿದರು.

"ಒಮ್ಮೊಮ್ಮಿ" ಎಂದಳು ಸುಮಿತಾ. "ಏನೂ ಆಗಿಲ್ಲ ಆಯಿ. ಯಾರೂ ಏನೂ ಅಂದಿಲ್ಲ. ಮುಂಜಾನೆ ಎದ್ದ ಕೂಡಲೆ ಎದಿ ಮ್ಯಾಲೆ ಬೀಸೂಕಲ್ಲ ಇಟ್ಟಂಗ ಆಗತೈತಿ. ನಾ ಇಲ್ಲಂದ್ರ ನಿಮಗೆಲ್ಲಾ ಹಗರ ಆಗತೈತಿ ಅನಸ್ತೈತಿ. ನಾ ಹೇಳಿದ್ದೆ ನಿನಗ, ಬ್ಯಾಸರ ಆಗೇತಿ ಅಂತ."

"ಹೇಳಿದ್ದಿ. ನಾ ಉಳ್ಳಾಗಡ್ಡಿ ಹೆಚ್ಚಂದೆ."

ಶಿವಗಂಗವ್ವ ಅತ್ತಳು. ಸೆರಗು ಮುಚ್ಚಿಕೊಳ್ಳದೆ, ಇಪ್ಪತ್ತೆರಡು ವರ್ಷದ ಸೊಕ್ಕೆಲ್ಲ ಇಳಿದುಹೋಗುವಂತೆ ಗೊಳೋ ಎಂದು ಅತ್ತಳು. ಹುಡುಗಿಯೂ ಅತ್ತಳು, ಈ ಸಲ ಉಳ್ಳಾಗಡ್ಡಿ ಇಲ್ಲದೆ.

ಮರುದಿನ ಖಾನಾವಳಿಗೆ ಬೀಗ. ಮೌನೇಶ ಮತ್ತವನ ಬಳಗ ಬ್ರೆಡ್ಡು ತಿಂದರು. ಸರ್ಕಾರಿ ದವಾಖಾನೆಯ ಡಾಕ್ಟರಬಾಯಿ ಹುಡುಗಿಯ ಜೊತೆ ಒಂದು ತಾಸು ಮಾತಾಡಿ ಹೊರಗೆ ಬಂದು ಹೇಳಿದರು, "ಇದಕ್ಕ ಖಿನ್ನತೆ ಅಂತಾರ್ರಿ. ಜ್ವರದಂಗ ಇದೂ ಒಂದ ಜಡ್ಡು. ಸೊಕ್ಕಲ್ಲ, ಮೈಗಳ್ಳತನ ಅಲ್ಲ."

"ಶಾಣ್ಯಾತನಾನೂ ಅಲ್ಲ" ಎಂದಳು ಶಿವಗಂಗವ್ವ.

"ಕೇಳಿದ್ದ ಛಲೋ ಮಾಡಿದ್ರಿ. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಬರತೈತಿ ಅಂತ ಮಂದಿ ಹೆದರತಾರ. ಹಂಗೇನಿಲ್ಲ. ಸದ್ಯಕ್ಕ ಒಬ್ಬಾಕಿನ್ನ ಬಿಡಬ್ಯಾಡ್ರಿ. ಧಾರವಾಡದ ಮನಸಿನ ದವಾಖಾನಿಗೆ ಚೀಟಿ ಕೊಡ್ತೇನಿ."

ಧಾರವಾಡ ಎಂದ ಕೂಡಲೆ ವೀರೇಶನ ಮುಖ ಬಿಳಿಚಿತು. ಈ ಕಡೆ 'ಅವನನ್ನು ಧಾರವಾಡಕ್ಕೆ ಕಳಿಸಬೇಕು' ಎಂದರೆ ತಲೆ ಕೆಟ್ಟಿದೆ ಎಂದೇ ಅರ್ಥ. "ಅವ್ವಾ, ಮಂದಿ ಏನಂದಾರು?"

"ದಿನಾ ನಲವತ್ತ ಮಂದಿ ನನ್ನ ಕೈಯಾಗ ಉಣ್ತಾರ. ಯಾರರೆ ಏನರೆ ಅಂದ್ರ ಸಾರಿನ್ಯಾಗ ಖಾರಾ ಎರಡ ಸೌಟ ಜಾಸ್ತಿ. ನನ್ನ ತವರಮನಿ ಧಾರವಾಡ. ಐವತ್ತ ವರ್ಷದಿಂದ ಹೋಗಿ ಬರಾಕತ್ತೇನಿ, ನನಗೇನಾಗೇತಿ?"

"ಅದನ್ನ ನಾ ಹ್ಯಾಂಗ ಹೇಳ್ಲಿ" ಎಂದ ವೀರೇಶ. ಆ ನಾಲ್ಕು ತಿಂಗಳಲ್ಲಿ ಮೊದಲ ಸಲ ಸುಮಿತಾಳ ತುಟಿಯ ಒಂದು ಮೂಲೆ ಅಲ್ಲಾಡಿತು. ಶಿವಗಂಗವ್ವ ಅದನ್ನು ನೋಡಿದಳು. ಈಗ ಅವಳು ಎಲ್ಲವನ್ನೂ ನೋಡುತ್ತಿದ್ದಳು.

ಹದಿನೈದು ದಿನಕ್ಕೊಮ್ಮೆ ಹಳಿಯಾಳದ ಮೇಲಿಂದ ಬಸ್ಸಿನಲ್ಲಿ ಧಾರವಾಡಕ್ಕೆ. ಗುಳಿಗೆಗಳು ಆಯಿಯ ಎಲೆಯಡಿಕೆ ಸಂಚಿಯಲ್ಲಿ, ಹೊತ್ತಿಗೊಂದರಂತೆ. ಅವ್ವನ ಹಾಸಿಗೆ ಮಗಳ ಪಕ್ಕಕ್ಕೆ ಬಂತು. ಖಾನಾವಳಿಯಲ್ಲಿ 'ಶಾಣ್ಯಾ' ಎಂಬ ಮಾತು ಬಂದ್. ಬಾಯಿ ತಪ್ಪಿದವರಿಗೆ ಮಜ್ಜಿಗೆ ಇಲ್ಲ. ಆದರೆ ಔಷಧ ನುಂಗಿದ ಮರುದಿನ ಎದ್ದು ಕುಣಿಯಲು ಇದೇನು ನಾಟಕವೇ? ಎರಡು ದಿನ ಚೆನ್ನಾಗಿದ್ದರೆ ಮೂರು ದಿನ ಮತ್ತೆ ಗೋಡೆಗೆ ಮುಖ. ಅವತ್ತಿನ ಬನ್ನಿ ಎಲೆಯನ್ನು ಶಿವಗಂಗವ್ವ ಜೀರಿಗೆ ಡಬ್ಬಿಯಲ್ಲಿ ಇಟ್ಟಿದ್ದಳು. "ನಾ ಇನ್ನೂ ತಗೊಂಡಿಲ್ಲ. ನೀ ಸರಿಯಾಗಿ ಅಂದ ದಿನ ತಗೋತೇನಿ, ಅವಸರಿಲ್ಲ" ಎಂದಿದ್ದಳು.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ, ಮಧ್ಯಾಹ್ನದ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ, ಗಲ್ಲಿಯಲ್ಲಿ ಭೋಂಗಾ ಕೂಗಿದಂತಾಯಿತು. ಮಿಲ್ಲಿನದಲ್ಲ.

"ಕೊಡ ಅಂದ್ರ ಕೊಡ!"

"ಕೊಟ್ಟದ್ದ ತಿರುಗಿ ಕೇಳ್ತೀ, ನಾಚಿಕಿ ಆಗೂದಿಲ್ಲ ನಿನಗ?" ಇದು ರೂಪಾಲಿ.

"ಆಗೂದಿಲ್ಲ! ನನ್ನ ಝುಮಕಿ, ನನಗ ಬೇಕ!"

ಸೌಟು ಹಿಡಿದ ಶಿವಗಂಗವ್ವನ ಕೈ ನಿಂತುಬಿಟ್ಟಿತು. ನನಗ ಬೇಕ. ಈ ಎರಡು ಮಾತು ಕೇಳಿ ಏಳು ತಿಂಗಳಾಗಿತ್ತು. ಕೊಟ್ಟದ್ದನ್ನು ಎಂದೂ ತಿರುಗಿ ಕೇಳಬಾರದು ಎಂದು ಕಲಿಸಿದವಳು ತಾನೇ. ಆ ಕಲಿಸಿದ ಬುದ್ಧಿಗೆ ಬೆಂಕಿ ಬೀಳಲಿ ಎಂದುಕೊಂಡು, ಒಳಗೆ ಹೋಗಿ ರವೆ ಹುರಿದು, ತುಪ್ಪ ಸುರಿದು ಶಿರಾ ಮಾಡಿ, ಎಲ್ಲರ ತಾಟಿಗೂ ಬಡಿಸಿದಳು.

"ಏನ ವಿಶೇಷರೀ?" ಎಂದ ಮೌನೇಶ.

"ನಮ್ಮ ಮೊಮ್ಮಗಳು ಜಗಳಾ ಮಾಡಿದ್ಲಪಾ. ಉಣ್ಣು."

ಗಿರಾಕಿಗಳು ಎದ್ದ ಮೇಲೆ ಸುಮಿತಾ ಅಡಿಗೆಮನೆಗೆ ಬಂದು ತಾಟು ಹಾಕಿಕೊಂಡು ಕೂತಳು. ಒಂದೇ ಕಿವಿಯಲ್ಲಿ ಝುಮಕಿ. ಇನ್ನೊಂದನ್ನು ಸಂಕ್ರಾಂತಿ ಆದ ಮೇಲೆ ಕೊಡುತ್ತಾಳಂತೆ ರೂಪಾಲಿ. "ರೊಟ್ಟಿ ದಪ್ಪ ಆಗ್ಯಾವ" ಎಂದು ಹೆಸರಿಟ್ಟು, ಎರಡು ತಿಂದಳು. ಆಮೇಲೆ ತಾಟಿನ ಅಂಚು ಕೆರೆಯುತ್ತ ಕೇಳಿದಳು.

"ಆಯಿ, ಆ ಬನ್ನಿ ಇನ್ನೂ ಐತೇನು?"

ಜೀರಿಗೆ ವಾಸನೆ ಹಿಡಿದು, ಒಣಗಿ ಮುರಿಯುವಂತಾಗಿದ್ದ ಎಲೆ. ಸುಮಿತಾ ಅದನ್ನು ಹುಷಾರಾಗಿ ಅಂಗೈಯಲ್ಲಿ ಇಟ್ಟುಕೊಂಡಳು.

"ಬನ್ನಿ ತಗೊಂಡು..." ಎಂದು ಹುಡುಗಿ ತಡೆದಳು. "ಬಂಗಾರದಂಗ ಅನ್ನಾಕ ಇನ್ನೂ ಬಾಯಿ ಬರವಲ್ದು ಆಯಿ. ಸದ್ಯಕ್ಕ ಹಿತ್ತಾಳಿಯಂಗರೆ ಇರೂಣು?"

ಶಿವಗಂಗವ್ವ ಎರಡೂ ಕೈ ಚಾಚಿ ಎಲೆ ತಗೊಂಡಳು.

"ಇರೂಣವ್ವಾ," ಎಂದಳು, "ಇರೂಣು."