ಬಟಾಣಿಗೆ ಚಪ್ಪಾಳೆ ಬೇಡ

ಭಾನುವಾರ ಬಂತೆಂದರೆ ಟೈಲರಕ್ಕನಿಗೆ ಸಂಕಟ. ವಾರವೆಲ್ಲ ಹೊಲಿಗೆ ಮಿಷಿನ್ ತುಳಿದು ಸೊಂಟ ಬಿದ್ದುಹೋಗಿರುತ್ತದೆ. ಗಂಡ ಲಾರಿ ಹತ್ತಿದನೆಂದರೆ ಎಷ್ಟೋ ದಿನ ಮುಖ ತೋರಿಸುವುದಿಲ್ಲ. ಚರ್ಚಿನಲ್ಲಿ ಕೂತು ನಾಲ್ಕು ಹಾಡು ಹಾಡಿ, ಪಾದ್ರಿಗಳ ಪ್ರಸಂಗ ಕೇಳಿದರೆ ಮತ್ತೊಂದು ವಾರ ಎಳೆಯುವ ಶಕ್ತಿ ಬರುತ್ತಿತ್ತು. ಈಗ ಕೆಲವು ತಿಂಗಳಿಂದ ಆ ಭಾಗ್ಯವೂ ಇಲ್ಲ. ಆರಾಧನೆ ನಡೆಯುವಷ್ಟು ಹೊತ್ತೂ ಮಗಳನ್ನು ಎತ್ತಿಕೊಂಡು ಅಂಗಳದಲ್ಲಿ ಅಲೆಯುತ್ತಾಳೆ.

ಮಗಳಿಗೆ ಐದು ವರ್ಷ. ಬೀದಿಯವರೆಲ್ಲ ಬಟಾಣಿ ಅಂತಲೇ ಕರೆಯುವುದು. ಗುಂಡುಗುಂಡಗಿದ್ದಾಳೆ, ಕೈಗೆ ಸಿಗುವುದಿಲ್ಲ. ದೊಡ್ಡವರ ಮಧ್ಯೆ ಕೂರಿಸಿದರೆ ಬಾಯಿಗೆ ಬೀಗವಿಲ್ಲ. ಹಿಂದಿನವರು "ಶ್" ಅನ್ನುತ್ತಾರೆ, ಮುಂದಿನವರು ಕತ್ತು ತಿರುಗಿಸುತ್ತಾರೆ. ಮಕ್ಕಳ ಕೋಣೆ ಪಕ್ಕದಲ್ಲೇ ಇದೆ. ಆದರೆ ಅದರ ಬಾಗಿಲು ಕಂಡರೇ ಹುಡುಗಿ ಅಮ್ಮನ ಕೊರಳಿಗೆ ಜೋತುಬೀಳುತ್ತಾಳೆ.

ಶನಿವಾರ ಸಂಜೆ ನರ್ಸಕ್ಕ ರವಿಕೆ ತೆಗೆದುಕೊಂಡು ಹೋಗಲು ಬಂದಳು. ಭಾನುವಾರ ಮಕ್ಕಳಿಗೆ ಪಾಠ ಹೇಳುವವಳೂ ಅವಳೇ.

"ನಾಳೆ ಸಿಗೋಣ" ಅಂದಳು.

"ಇಲ್ಲಕ್ಕ. ನಾನಿನ್ನು ಬರಲ್ಲ. ಅಂಗಳದಲ್ಲಿ ಅಲೆಯೋಕೆ ಚರ್ಚಿಗೇ ಬರಬೇಕಾ? ಮನೆ ಮುಂದೇನೂ ಅಲೀಬಹುದು."

"ಅಯ್ಯೋ, ಯಾರಾದ್ರೂ ಏನಾದ್ರೂ ಅಂದ್ರಾ?"

"ಬಾಯಿಬಿಟ್ಟು ಯಾರಂತಾರೆ? ಕಣ್ಣಲ್ಲೇ ಹೇಳ್ತಾರೆ."

ನರ್ಸಕ್ಕನಿಗೆ ಬೇಜಾರಾಯಿತು. "ನಾವು ಎಷ್ಟು ಪ್ರೀತಿಯಿಂದ ಕರೆದ್ವಿ ಅವಳನ್ನ! ಅವತ್ತು ಎಂಥಾ ಸ್ವಾಗತ ಮಾಡಿದ್ವಿ!"

ಆ ಸ್ವಾಗತವೇ ಎಡವಟ್ಟಾಗಿದ್ದು. ಹೊಸ ಮಗು ಬಂದರೆ ಸ್ಟೂಲಿನ ಮೇಲೆ ನಿಲ್ಲಿಸುವುದು, ಹೆಸರು ಕೇಳುವುದು, ಆಮೇಲೆ ಕೋಣೆಯೇ ಹಾರಿಹೋಗುವ ಹಾಗೆ ಎಲ್ಲರೂ ಚಪ್ಪಾಳೆ ತಟ್ಟುವುದು. ಇದು ಆ ಚರ್ಚಿನ ಪದ್ಧತಿ. ಬಟಾಣಿಗೂ ತಟ್ಟಿದರು. ಅವಳು ಸ್ಟೂಲಿನಿಂದ ಧುಮುಕಿ ಮೇಜಿನ ಕೆಳಗೆ ಸೇರಿದಳು, ಬಟ್ಟೆಯನ್ನೂ ಒದ್ದೆ ಮಾಡಿಕೊಂಡಳು. ಹಟಮಾರಿ ಮಗು ಅಂದುಕೊಂಡರು ಎಲ್ಲರೂ.

"ಹಟ ಅಲ್ಲಕ್ಕ" ಅಂದಳು ಟೈಲರಕ್ಕ. "ನನ್ನ ಮಿಷಿನ್ ಸದ್ದಿಗೆ ಹಾಯಾಗಿ ನಿದ್ದೆ ಮಾಡ್ತಾಳೆ. ಇದ್ದಕ್ಕಿದ್ದಂಗೆ ಸದ್ದಾದ್ರೆ ಮಾತ್ರ ಜೀವಾನೇ ಹೋದಂಗೆ ಆಡ್ತಾಳೆ. ಕುಕ್ಕರ್ ಕೂಗೋದಕ್ಕೂ ಮುಂಚೆ ಹೇಳಿರಬೇಕು."

"ಇದನ್ನ ನೀನು ನಮಗೆ ಹೇಳಲೇ ಇಲ್ವಲ್ಲೇ?"

"ನೀವು ಕೇಳಲೇ ಇಲ್ವಲ್ಲ."

ನರ್ಸಕ್ಕ ತಲೆ ಚಚ್ಚಿಕೊಂಡು ನಕ್ಕಳು. "ಆಸ್ಪತ್ರೇಲಿ ಒಂದು ಸೂಜಿ ಚುಚ್ಚೋಕೆ ನೂರು ಪ್ರಶ್ನೆ ಕೇಳ್ತೀನಿ. ಇಲ್ಲಿ ಬರೀ ಹೆಸರು ಕೇಳಿ ಸ್ಟೂಲ್ ಹತ್ತಿಸಿಬಿಟ್ಟೆ ನೋಡು. ತಪ್ಪು ನಮ್ಮದು. ನಾಳೆ ಒಂದೇ ಒಂದು ಸಲ ಕರ್ಕೊಂಡು ಬಾ."

"ಅತ್ತರೆ?"

"ಬಾಗಿಲು ತೆಗೆದೇ ಇರುತ್ತೆ. ಇಬ್ಬರು ದೊಡ್ಡವರು ಯಾವಾಗಲೂ ಇರ್ತೀವಿ, ಒಬ್ಬರ ಕೈಗೇ ಮಕ್ಕಳನ್ನ ಬಿಡಲ್ಲ. ನೀನೂ ಕೂತ್ಕೋ. ಎದ್ದು ಹೋಗು ಅನ್ನೋರು ಯಾರು ಬರ್ತಾರೋ ನಾನೂ ನೋಡ್ತೀನಿ."

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲಲ್ಲೇ ಪೋಸ್ಟ್‌ಮಾಸ್ಟರ್ ದೊಡ್ಡಪ್ಪ ನಿಂತಿದ್ದರು. ಸಭೆಯ ಹಿರಿಯರು. ಚಪ್ಪಾಳೆ ಪದ್ಧತಿ ತಂದವರೂ ಅವರೇ. ಇವತ್ತು ಚಪ್ಪಾಳೆ ಬೇಡವೆಂದು ನರ್ಸಕ್ಕ ಹೇಳಿದ ಸುದ್ದಿ ಕೇಳಿ ಮುಖ ಊದಿಸಿಕೊಂಡಿದ್ದರು.

"ಚಪ್ಪಾಳೆ ಇಲ್ಲದ ಸ್ವಾಗತ ಉಪ್ಪಿಲ್ಲದ ಸಾರಲ್ವೇನಮ್ಮ? ಇಷ್ಟು ವರ್ಷ ಯಾವ ಮಗುವಿಗೆ ಏನಾಯ್ತು?"

"ಏನೂ ಆಗಲಿಲ್ಲ ದೊಡ್ಡಪ್ಪ" ಅಂದಳು ನರ್ಸಕ್ಕ. "ಆದ್ರೆ ಎಷ್ಟು ಮಕ್ಕಳು ಎರಡನೇ ವಾರ ಬರಲೇ ಇಲ್ಲ, ಯೋಚನೆ ಮಾಡಿ. ಯೇಸುಸ್ವಾಮಿ ಮಕ್ಕಳನ್ನ ಹತ್ತಿರ ಕೂರಿಸಿಕೊಂಡ್ರು. ಸ್ಟೂಲ್ ಹತ್ತಿಸಲಿಲ್ಲ."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಆಯ್ತು ಬಿಡು, ಒಂದು ವಾರ ನಿನ್ನ ಮಾತೇ ನಡೀಲಿ" ಅಂದರು.

ಬಟಾಣಿ ಅಮ್ಮನ ಮಡಿಲಲ್ಲಿ ಹೊಸ್ತಿಲ ಹತ್ತಿರವೇ ಕೂತಳು. ಯಾರೂ ಒಳಗೆ ಎಳೆಯಲಿಲ್ಲ. ನರ್ಸಕ್ಕ ಅವಳ ಎತ್ತರಕ್ಕೆ ಮಂಡಿಯೂರಿ, "ಈಗ ಮೆಲ್ಲಗೆ ಹಾಡ್ತೀವಿ. ಜೋರು ಮಾಡೋದಾದ್ರೆ ಮೊದಲೇ ಹೇಳ್ತೀನಿ" ಅಂದಳು. ಒಬ್ಬ ಹುಡುಗಿ ಮಾತಾಡದೆ ಬಣ್ಣದ ಕಡ್ಡಿಗಳನ್ನು ಅವಳ ಕಡೆ ತಳ್ಳಿದಳು. ದೊಡ್ಡಪ್ಪನೂ ಮಂಡಿ ಲಟಲಟ ಅನ್ನಿಸಿಕೊಂಡು ನೆಲಕ್ಕೆ ಕೂತು, ಜೇಡಿಮಣ್ಣಿನಲ್ಲಿ ಆನೆ ಮಾಡಿ ಮುಂದೆ ಹಿಡಿದರು.

ಬಟಾಣಿ ತುಂಬ ಹೊತ್ತು ನೋಡಿದಳು. "ಇದು ಇಲಿ" ಅಂದಳು.

ಕೋಣೆಯೆಲ್ಲ ನಕ್ಕಿತು, ಮೆಲ್ಲಗೆ. ಎಲ್ಲರಿಗಿಂತ ಹೆಚ್ಚು ನಕ್ಕವರು ದೊಡ್ಡಪ್ಪ. ಮುಂದಿನ ವಾರ ಬಟಾಣಿ ಹೊಸ್ತಿಲಿಂದ ಚಾಪೆಗೆ ಬಂದಳು. ಅದರ ಮುಂದಿನ ವಾರ ಅಮ್ಮ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡರೂ ಹುಡುಗಿ ಸುಮ್ಮನಿದ್ದಳು. ಒಂದು ಹೆಜ್ಜೆ ಹಿಂದಕ್ಕೂ ಇಟ್ಟಳು ಅನ್ನಿ, ನೆಗಡಿ ಆಗಿದ್ದ ಒಂದು ಭಾನುವಾರ. ಅವತ್ತೂ ಯಾರೂ ಮುಖ ಸಿಂಡರಿಸಲಿಲ್ಲ.

ಕೊನೆಗೊಂದು ಭಾನುವಾರ ಟೈಲರಕ್ಕ ಚರ್ಚಿನೊಳಗೆ ಬೆಂಚಿನ ಮೇಲೆ ಕೂತು ಪ್ರಸಂಗವನ್ನು ಮೊದಲಿಂದ ಕೊನೆಯವರೆಗೂ ಕೇಳಿದಳು. ಯಾವುದರ ಮೇಲಿನ ಪ್ರಸಂಗ ಅಂತ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲವೇನೋ, ಅಷ್ಟು ಅತ್ತಿದ್ದಳು. ದೇವರಿಗೆ ಸ್ತೋತ್ರ ಹೇಳಿದಳು. ನರ್ಸಕ್ಕನನ್ನೂ ದೊಡ್ಡಪ್ಪನನ್ನೂ ಆ ಬಣ್ಣದ ಕಡ್ಡಿ ಹುಡುಗಿಯನ್ನೂ ನೆನೆದು ಸ್ತೋತ್ರ ಹೇಳಿದಳು. ಆರಾಧನೆ ಮುಗಿದ ಕೂಡಲೇ ಕಣ್ಣೊರೆಸಿಕೊಂಡು ಮಕ್ಕಳ ಕೋಣೆಗೆ ಓಡಿದಳು.

ಚಾಪೆಯ ಮಧ್ಯೆ ಕೂತಿದ್ದ ಬಟಾಣಿ ತಲೆ ಎತ್ತಿ ನೋಡಿದಳು.

"ನೀನ್ಯಾಕೆ ಬಂದೆ ಅಮ್ಮ? ನಮ್ಮದು ಇನ್ನೂ ಮುಗಿದಿಲ್ಲ. ಹೋಗಿ ಹೊರಗೆ ಕೂತಿರು."

ಅಮ್ಮ ಎದುರು ಮಾತಾಡದೆ ಹೋಗಿ ಹೊರಗೆ ಕೂತಳು. ಕಾಯುವುದು ಇಷ್ಟು ಸುಖವಾಗಿರುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಭೆಯ ಅಂಗಳದಲ್ಲೂ ಮಗುವನ್ನು ಎತ್ತಿಕೊಂಡು ಅಲೆಯುವ ತಾಯಿಯೋ ತಂದೆಯೋ ಅಜ್ಜಿಯೋ ಇದ್ದಾರು. ಈ ಭಾನುವಾರ ಅವರ ಹತ್ತಿರ ಹೋಗಿ. ಈ ಮಗುವಿಗೆ ಏನು ಇಷ್ಟ, ಯಾವುದಕ್ಕೆ ಭಯ ಅಂತ ಕೇಳಿ. ಬಾಗಿಲು ತೆರೆದಿಡಿ, ಇಬ್ಬರಾದರೂ ದೊಡ್ಡವರು ಮಕ್ಕಳ ಜೊತೆ ಇರಿ, ನೆಲಕ್ಕೆ ಕೂತು ಮಾತಾಡಿಸಿ. ಕೇಳಿದ ಮೇಲೆ ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು ಹಾಗೇ ನಡೆದುಕೊಳ್ಳಿ.