ಮೂರು ನೂಲು

"ನೆಟ್ಟಗೆ ನಿಂತಿದೆಯಲ್ಲ ಸ್ವಾಮಿ. ಕಣ್ಣಿದ್ದೋರು ಯಾರು ಬೇಕಾದರೂ ನೋಡಬಹುದು," ಎಂದು ಸವರಿಯಪ್ಪ ಕಾರಿನ ಹಿಂದೆ ನಿಂತು ಹೇಳಿದ.

ಕಾರು ಖಾಲಿಯಾಗಿ ನಿಂತಿತ್ತು. ಎರಡೇ ಆಸನಗಳ, ಮೇಲ್ಛಾವಣಿಯಿಲ್ಲದ, ಕೆಂಪು ಬಣ್ಣದ ಪಂದ್ಯದ ಕಾರು ಅದು. ವಯಸ್ಸು ಹನ್ನೆರಡು ವರ್ಷ. ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರನಿಂದ ವಕೀಲ ಸುಂದರೇಶ ಅದನ್ನು ಕೊಂಡಿದ್ದ. ಹಿಂಚಕ್ರಗಳ ಮೇಲೆ ಭಾರ ಹೊರುವ ಎರಡು ಉಕ್ಕಿನ ಕಮಾನುಗಳು ಸವೆದು, ಒಂದರ ಪಟ್ಟಿ ಬಿರುಕು ಬಿಟ್ಟಾಗ, ಎರಡು ತಿಂಗಳ ಹಿಂದೆ ಲಷ್ಕರ್ ಮೊಹಲ್ಲೆಯ ಈ ಕುಲುಮೆಗೆ ತಂದಿದ್ದ. ಸವರಿಯಪ್ಪ ಕಮಾನುಗಳನ್ನು ಬಿಚ್ಚಿ, ಏಳೇಳು ಪಟ್ಟಿಗಳನ್ನೂ ಒಂದೊಂದಾಗಿ ಕಾಯಿಸಿ, ಬಾಗಿಸಿ, ಹೊಂಗೆ ಎಣ್ಣೆಯಲ್ಲಿ ಅದ್ದಿ ಹದ ತಂದು, ಮತ್ತೆ ಕಟ್ಟಿಕೊಟ್ಟಿದ್ದ. ಸವೆದ ಬುಷ್‌ಗಳ ಬದಲಿಗೆ ಅವನ ಮಗ ಸೆಲ್ವರಾಜ್ ಕಂಚಿನ ಬಳೆಗಳನ್ನು ಲೇತಿನಲ್ಲಿ ಕಡೆದು ಕಮಾನಿನ ತುದಿಯ ಕಣ್ಣುಗಳಲ್ಲಿ ಕೂರಿಸಿದ್ದ.

"ಖಾಲಿ ಇದ್ದಾಗ ನೆಟ್ಟಗಿದೆ. ನಾನು ಕೂತರೆ ಬಲಕ್ಕೆ ವಾಲುತ್ತೆ," ಎಂದ ಸುಂದರೇಶ. "ಇದು ಮೂರನೇ ಸಲ ಹೇಳ್ತಾ ಇರೋದು."

"ನೀವು ಕೂತರೆ ವಾಲೋದಾದರೆ ತಪ್ಪು ಕೂತೋರದು. ನೆಟ್ಟಗೆ ಕೂತ್ಕೊಳ್ಳೋದು ಕಲೀರಿ."

ತಿದಿಯ ಹಗ್ಗ ಹಿಡಿದಿದ್ದ ಮಹದೇವು ನಕ್ಕ. ಇಪ್ಪತ್ತೆರಡು ವರ್ಷಗಳಿಂದ ಸವರಿಯಪ್ಪನ ಎದುರು ಸುತ್ತಿಗೆ ಹೊಡೆಯುತ್ತಿದ್ದವನು ಅವನು. "ಎಂಗಾದದು ಬುಡಣ್ಣ. ವಕೀಲ್ರು ಅಂದ್ಮೇಲೆ ದುಡ್ಡು ಕೊಟ್ಟೋನ ಕಡೀಕೆ ವಾಲಬೇಕಲ್ವಾ," ಎಂದ.

ಲೇತಿನ ಬಳಿಯಿದ್ದ ಸೆಲ್ವರಾಜ್ ನಗಲಿಲ್ಲ. ಸುಂದರೇಶನ ಮುಖ ಕಪ್ಪಿಟ್ಟಿತು.

"ನಗಿ. ಹೋದ ಭಾನುವಾರ ಬೆಟ್ಟ ಇಳೀತಾ ಎಡಗಡೆ ತಿರುವಿನಲ್ಲಿ ಗಾಡಿ ಬಲಕ್ಕೆ ಮಗುಚಿಕೊಳ್ಳೋದರಲ್ಲಿತ್ತು. ಚಕ್ರ ಮಡ್‌ಗಾರ್ಡಿಗೆ ಉಜ್ಜಿ ರಬ್ಬರು ಸುಟ್ಟ ವಾಸನೆ ಬಂತು. ಆ ಕಡೆ ಪಾತಾಳ. ಅಂಚಿಗೂ ನನಗೂ ಒಂದು ಮೊಳ ಇರಲಿಲ್ಲ."

"ಬೆಟ್ಟದ ಅಮ್ಮನೋರ ಹತ್ತಿರ ಹೋಗೋರು ಮೆಲ್ಲಗೆ ಹೋಗಬೇಕು ಸ್ವಾಮಿ."

"ನಿನ್ನ ಹತ್ತಿರ ಬುದ್ಧಿ ಕೇಳೋಕೆ ಬರಲಿಲ್ಲ ನಾನು."

ತಿದಿ ನಿಂತಿತು. ಅರವತ್ತನಾಲ್ಕು ವರ್ಷದ ಸವರಿಯಪ್ಪನನ್ನು ಆ ಬೀದಿಯಲ್ಲಿ ಯಾರೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ. ಸುಂದರೇಶನೂ ಅದುವರೆಗೆ ಕರೆದಿರಲಿಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆ ಅವನು ಕೋಟಿನ ಜೇಬಿನಿಂದ ಒಂದು ಲಕೋಟೆ ತೆಗೆದ.

"ಮದ್ರಾಸಿನ ಕಂಪನಿಗೆ ಬರೆದಿರೋ ಕಾಗದ. ಹೊಸ ಕಮಾನು ಎರಡು, ಇಂಗ್ಲೆಂಡಿನಿಂದ ತರಿಸೋದಕ್ಕೆ. ಇವತ್ತು ಅಂಚೆಗೆ ಹಾಕ್ತೀನಿ. ಕ್ಲಬ್ಬಿನಲ್ಲಿ ಹನ್ನೊಂದು ಜನದ ಕಾರು ಇವೆ. ಅವರಿಗೂ ಹೇಳ್ತೀನಿ, ಹಳೇದನ್ನ ಕಾಯಿಸಿ ಬಡಿಸೋದು ದಂಡ ಅಂತ."

ಆ ಹನ್ನೊಂದರಲ್ಲಿ ಒಂಬತ್ತು ಕಾರುಗಳ ಕಮಾನುಗಳನ್ನು ಕಟ್ಟುತ್ತಿದ್ದವನು ಸವರಿಯಪ್ಪ. ಅವು ಬಾರದಿದ್ದರೆ ಕುಲುಮೆಯಲ್ಲಿ ಬೆಂಕಿ ಹಾಕುವ ಅಗತ್ಯವಿರಲಿಲ್ಲ. ಆದರೆ ಆ ಕ್ಷಣ ಅವನನ್ನು ಸುಟ್ಟದ್ದು 'ದಂಡ' ಎಂಬ ಮಾತು. ಅರಮನೆಯ ಗಾಡಿಖಾನೆಯಲ್ಲಿ ಮೂವತ್ತೊಂದು ವರ್ಷ ಸಾರೋಟುಗಳ ಕಮಾನು ಮಾಡಿದ್ದ ಅವನ ಕೈಕೆಲಸ ಒಮ್ಮೆಯೂ ಹಿಂದಕ್ಕೆ ಬಂದಿರಲಿಲ್ಲ.

"ಬಿಚ್ಚಿಸ್ತೀನಿ. ಎರಡನ್ನೂ ನಿಮ್ಮ ಕೈಯಾರೆ ಅಳೀರಿ," ಎಂದ. "ಒಂದು ಕೂದಲೆಳೆ ಹೆಚ್ಚು ಕಮ್ಮಿ ಇದ್ದರೆ ನಾನೇ ಹೋಗಿ ಆ ಕಾಗದ ಅಂಚೆಗೆ ಹಾಕಿ ಬರ್ತೀನಿ. ಸಮ ಇದ್ದರೆ ಇಲ್ಲೇ ಹರೀಬೇಕು."

"ಹರೀತೀನಿ."

ಕಮಾನುಗಳನ್ನು ಇಳಿಸಲು ಒಂದು ಗಂಟೆ ಹಿಡಿಯಿತು. ಅಲ್ಲಿನ ಅಳತೆಗೋಲನ್ನು ನಂಬದ ಸುಂದರೇಶ ಮನೆಯಿಂದ ತನ್ನದೇ ಹಿತ್ತಾಳೆಯ ಅಳತೆಗೋಲನ್ನು ತರಿಸಿದ. ಅಷ್ಟರಲ್ಲಿ ಬಾಗಿಲಲ್ಲಿ ಹತ್ತು ಹನ್ನೆರಡು ಮಂದಿ ಸೇರಿದ್ದರು. ಕಮಾನಿನ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾರ ಎಳೆದು, ದಾರದಿಂದ ಬಾಗಿನ ತಳದವರೆಗೆ ಅಳೆಯಬೇಕು. ಎಡಗಡೆಯದು ನಾಲ್ಕು ಅಂಗುಲ ಎರಡು ನೂಲು. ಅಂಗುಲಕ್ಕೆ ಎಂಟು ನೂಲು. ಬಲಗಡೆಯದು ನಾಲ್ಕು ಅಂಗುಲ ಎರಡು ನೂಲು. ಸುಂದರೇಶ ಮೂರು ಸಲ ಅಳೆದ. ಮೂರು ಸಲವೂ ಅಷ್ಟೇ ಬಂತು.

ಅವನು ಲಕೋಟೆಯನ್ನು ನಾಲ್ಕು ಚೂರು ಮಾಡಿ ಬೂದಿಯ ಮೇಲೆ ಹಾಕಿದ.

"ಹಾಗೇ ಜೋಡಿಸಿ ಮನೆಗೆ ಕಳಿಸಿ," ಎಂದ. "ಅದರಲ್ಲೇ ಓಡಾಡ್ತೀನಿ. ನಾಳಿದ್ದು ಬೆಟ್ಟಕ್ಕೂ ಹೋಗ್ತೀನಿ."

ಗುಂಪು ದಾರಿ ಬಿಟ್ಟಿತು. ಮಹದೇವು ಮತ್ತೇನೋ ಅನ್ನಲು ಹೊರಟಾಗ ಸವರಿಯಪ್ಪ ಕೈಯೆತ್ತಿ ತಡೆದ. ಗೆದ್ದವನು ಮಾತಾಡಬೇಕಾದ ಅಗತ್ಯವಿಲ್ಲವೆಂದು ಅವನು ತಿಳಿದಿದ್ದ.

ಸಂಜೆ ಸೆಲ್ವರಾಜ್ ಕಾರನ್ನು ಲಕ್ಷ್ಮೀಪುರದ ವಕೀಲರ ಮನೆಗೆ ತಲುಪಿಸಿ ನಡೆದು ಬಂದ. ಮನೆಯೊಳಗೆ ಹೋಗದೆ ಕುಲುಮೆಯ ಮುಂದೆ ನಿಂತ. ಅವನ ಕೈಯಲ್ಲಿ ಲೇತಿನ ಬಳಿ ಇಡುವ ಎಣ್ಣೆ ಹತ್ತಿದ ಪುಸ್ತಕವಿತ್ತು.

"ಬಿಚ್ಚಿದ ದಿನ ಹಳೇ ಅಳತೆ ಬರೆದಿದ್ದೆ ಅಪ್ಪ. ಎಡ ನಾಲ್ಕು ಅಂಗುಲ ಎರಡು ನೂಲು. ಬಲ ನಾಲ್ಕು ಅಂಗುಲ ಐದು ನೂಲು."

"ಗೊತ್ತು. ಯಾವನೋ ಕೈ ಬರದೋನು ಬಲಗಡೇದನ್ನ ಎತ್ತಿಬಿಟ್ಟಿದ್ದ. ಸರಿ ಮಾಡಿದೆ."

"ಯಾರೂ ಎತ್ತಿರಲಿಲ್ಲ. ಪಟ್ಟಿ ಮೇಲೆ ಒಂದು ಸುತ್ತಿಗೆ ಏಟಿನ ಗುರುತಿರಲಿಲ್ಲ. ಕಾರ್ಖಾನೆಯಿಂದ ಬಂದದ್ದೇ ಹಂಗೆ."

"ಜೋಡೀನ ಹೆಚ್ಚು ಕಮ್ಮಿ ಮಾಡೋ ಕಾರ್ಖಾನೆ ಎಲ್ಲಿದೆಯೋ? ಗಾಡಿಖಾನೇಲಿ ಒಂದು ಜೋಡಿಗೆ ನೆಲದ ಮೇಲೆ ಒಂದೇ ಗೆರೆ ಎಳೀತಿದ್ದೆವು. ಎರಡೂ ಅದೇ ಗೆರೇಗೆ ಕೂರಬೇಕು."

"ಸಾರೋಟು ಹೊಡೆಯೋನು ಎಲ್ಲಿ ಕೂರ್ತಾನೆ?"

"ನಡುವೆ. ಇನ್ನೆಲ್ಲಿ ಕೂರ್ತಾನೆ."

"ಈ ಗಾಡೀಲಿ?"

"ಬಲಗಡೆ," ಎಂದು ಸವರಿಯಪ್ಪ ಇಕ್ಕಳವನ್ನು ಕೈಗೆತ್ತಿಕೊಂಡ.

"ವಕೀಲರ ಹೆಂಡತಿ ಸೂರಿಲ್ಲದ ಗಾಡಿ ಹತ್ತೋದಿಲ್ಲ," ಎಂದ ಸೆಲ್ವರಾಜ್. "ವಕೀಲರು ಯಾವಾಗಲೂ ಒಬ್ಬರೇ ಹೋಗೋದು. ನಾನು ಓಡಿಸಿ ನೋಡಿದಾಗೆಲ್ಲ ಪಕ್ಕದಲ್ಲಿ ಮಹದೇವು ಕೂತಿದ್ದ. ಅದಕ್ಕೇ ನಮಗೆ ತಿಳೀಲಿಲ್ಲ. ಇವತ್ತು ಅವರ ಗೇಟಿನಲ್ಲಿ ನಿಂತು ನೋಡಿದೆ. ಅವರು ಕೂತ ಕೂಡಲೇ ಬಲಗಡೆ ಮೂರು ನೂಲು ಇಳೀತು."

ಸವರಿಯಪ್ಪ ಕೈಯಲ್ಲಿದ್ದ ಇಕ್ಕಳವನ್ನು ಗೋಡೆಗೆ ಎಸೆದ. "ಅಷ್ಟು ಜನದ ಮುಂದೆ ಅಳೀವಾಗ ಬಾಯಿಗೆ ಏನಾಗಿತ್ತು ನಿನಗೆ?"

"ಬಿಚ್ಚಿದ ದಿನವೇ ಹೇಳಿದೆ. ನೀನು, 'ಲೇತು ನೋಡ್ಕೋ ಹೋಗು' ಅಂದೆ. ಇವತ್ತು ಹೇಳಿದ್ದರೆ ನಿನ್ನ ಮರ್ಯಾದೆ ಏನಾಗ್ತಿತ್ತು?"

"ಸುಮ್ಮನಿದ್ದು ಉಳಿಸಿದೆಯಾ?"

"ಉಳಿದಿದೆ. ಕಾಗದ ಹರಿದಾಯಿತು, ಕೆಲಸ ಎಲ್ಲೂ ಹೋಗಲ್ಲ," ಎಂದ ಸೆಲ್ವರಾಜ್. ಪುಸ್ತಕ ಮುಚ್ಚುತ್ತಾ, "ಆದರೆ ನಾಳಿದ್ದು ಆ ಗಾಡಿ ಬೆಟ್ಟ ಹತ್ತುತ್ತೆ," ಎಂದ.

ಆ ರಾತ್ರಿ ಸವರಿಯಪ್ಪ ಊಟಕ್ಕೆ ಏಳಲಿಲ್ಲ. ಲೆಕ್ಕ ಸುಲಭವಾಗಿತ್ತು, ಎರಡರಲ್ಲಿ ಒಂದು ಕಳೆಯುವಷ್ಟು ಸುಲಭ. ಎರಡು ಸಮ ಕಮಾನುಗಳ ಮೇಲೆ ಭಾರವನ್ನು ಒಂದೇ ಬದಿಗೆ ಇಟ್ಟರೆ ಏನಾಗುತ್ತದೆಂದು ತಕ್ಕಡಿ ಹಿಡಿಯುವ ಹೆಂಗಸಿಗೂ ಗೊತ್ತು. ತನಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ಹತ್ತು ಜನರನ್ನು ನಿಲ್ಲಿಸಿಕೊಂಡು ತನ್ನ ತಪ್ಪನ್ನೇ ಮೂರು ಸಲ ಅಳೆಸಿ, ಅದನ್ನು ಗೆಲುವೆಂದು ಎಣಿಸಿದ್ದ.

ಬೆಳಗ್ಗೆ ಎಂಟಕ್ಕೆ ಅವನು ಲಕ್ಷ್ಮೀಪುರದ ಮನೆಯ ಜಗಲಿಯಲ್ಲಿದ್ದ. ಬಾಗಿಲು ತೆರೆದದ್ದು ಸುಂದರೇಶನ ಹೆಂಡತಿ ವೇದವತಿ. ಅವಳು ಒಳಗೆ ಮುಖ ತಿರುಗಿಸಿ, "ರೀ, ಕಮಾನಿನ ಸವರಿಯಪ್ಪನೋರು ಬಂದಿದ್ದಾರೆ," ಎಂದಳು.

ಸುಂದರೇಶ ಕೋರ್ಟಿನ ಉಡುಪಿನಲ್ಲಿ ಹೊರಗೆ ಬಂದ. ಕೂರಿ ಎನ್ನಲಿಲ್ಲ. "ಇನ್ನೂ ಏನಾದರೂ ಅಳೀಬೇಕೆ?"

"ನಿನ್ನೆ ಹರಿದ ಕಾಗದ ಮತ್ತೆ ಬರೀರಿ."

"ಯಾಕೆ?"

"ಎರಡೂ ಸಮ ಇರಬಾರದಾಗಿತ್ತು. ಬಲಗಡೇದು ಮೂರು ನೂಲು ಎತ್ತರ ಇರಬೇಕು, ಓಡಿಸೋರ ತೂಕಕ್ಕೆ. ಮೊದಲು ಇತ್ತು. ನಾನು ಕೆಡಿಸಿದೆ. ನಿನ್ನೆ ಗೆದ್ದೋರು ನೀವೇ."

ಜಗಳಕ್ಕೆ ಬಂದವನ ದನಿಯಲ್ಲಿ ಅವನು ಅದನ್ನು ಹೇಳಿದ. ಸುಂದರೇಶ ಕಂಬಕ್ಕೆ ಕೈಯಾನಿಸಿ ನಿಂತ.

"ಎರಡು ತಿಂಗಳು," ಎಂದ. "ಎರಡು ತಿಂಗಳು ನನಗೆ ಕೂತ್ಕೊಳ್ಳೋಕೆ ಬರೋದಿಲ್ಲ ಅಂದಿರಿ. ನಿಮ್ಮ ಆಳು ನಕ್ಕ. ಇವಳೂ ಅಂದಳು, ನೀವು ಒಂದು ಕಡೆ ಭಾರ ಹಾಕಿ ಕೂರ್ತೀರಿ ಅಂತ. ಕನ್ನಡಿ ಮುಂದೆ ಕುರ್ಚಿ ಹಾಕ್ಕೊಂಡು ಕೂತು ನೋಡಿದೀನಿ ಸವರಿಯಪ್ಪ. ಒಂದು ದಿನ ಅಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತು.

"ತಪ್ಪು ಅಂದೆನಲ್ಲ."

"ಅಂದಿರಿ. ನನ್ನನ್ನ ಬಯ್ಯೋ ಹಾಗೆ ಅಂದಿರಿ."

"ಬೇರೆ ಥರ ಹೇಳೋಕೆ ನನಗೆ ಬರೋದಿಲ್ಲ."

ಸುಂದರೇಶ ಒಳಗೆ ಹೋಗಿ ಕಾಗದ, ಮಸಿ ತಂದು ಜಗಲಿಯ ಮೇಜಿನ ಮೇಲೆಯೇ ಬರೆಯತೊಡಗಿದ. ಲೇಖನಿ ಕಾಗದವನ್ನು ಕೆರೆಯುವುದು ಕೇಳಿಸುತ್ತಿತ್ತು.

"ಮೂರು ನೂಲಿನ ಮಾತು ಅದರಲ್ಲಿ ಇರಲಿ," ಎಂದ ಸವರಿಯಪ್ಪ. "ಬಲ ಯಾವುದು, ಎಡ ಯಾವುದು ಅಂತ ಬರೀರಿ. ಇಲ್ಲದಿದ್ದರೆ ಅವರೂ ಸಮ ಇರೋ ಜೋಡಿ ಕಳಿಸ್ತಾರೆ."

ಸುಂದರೇಶ ತಲೆಯೆತ್ತಿ ಅವನನ್ನು ನೋಡಿದ. ಮತ್ತೆ ಒಂದು ಸಾಲು ಸೇರಿಸಿ, ಕಾಗದವನ್ನು ಅವನತ್ತ ತಿರುಗಿಸಿ ಬೆರಳಿಟ್ಟು ತೋರಿಸಿದ. ಸವರಿಯಪ್ಪನಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತಿತ್ತು. ಗೆರೆಯ ಮೇಲೆ ಮೂರು, ಕೆಳಗೆ ಎಂಟು.

"ಸರಿ ಇದೆ. ಬರೋಕೆ ಎಷ್ಟು ದಿನ?"

"ಒಂಬತ್ತು ವಾರ."

"ಅಲ್ಲೀವರೆಗೆ ಇದು ಓಡಬೇಕಲ್ಲ. ಈಗಲೇ ತನ್ನಿ. ನಾಳೆ ಭಾನುವಾರ, ಚರ್ಚಿನಲ್ಲಿ ಪೂಜೆಯ ದಿನ, ಬೆಂಕಿ ಹಾಕೋದಿಲ್ಲ. ಸೋಮವಾರ ಸಂಜೆಗೆ ಬಲಗಡೇದನ್ನ ಎತ್ತಿ ಕೊಡ್ತೀನಿ. ನೀವು ಮಾತ್ರ ನಾಳೆ ಬೆಟ್ಟಕ್ಕೆ ಹೋಗಕೂಡದು."

"ಹೋಗಬೇಕೋ ಬೇಡವೋ ನನಗೆ ಗೊತ್ತು," ಎಂದು ಸುಂದರೇಶ ಕಾಗದ ಮಡಿಸಿ ಲಕೋಟೆಗೆ ಸೇರಿಸಿದ. ಆದರೂ ಮೆಟ್ಟಿಲಿಳಿದು ಕಾರಿನ ಎಡಬಾಗಿಲನ್ನು ತೆಗೆದು ಹಿಡಿದ. "ಹತ್ತಿ, ಗಾಡೀನ ಕುಲುಮೇಲಿ ಬಿಡ್ತೀನಿ. ಕೋರ್ಟಿಗೆ ಹೊತ್ತಾಗುತ್ತೆ."

ಸವರಿಯಪ್ಪ ನಲವತ್ತಕ್ಕೂ ಮಿಕ್ಕ ಮೋಟಾರುಗಳ ಕಮಾನು ಕಟ್ಟಿದ್ದ, ಒಂದರಲ್ಲೂ ಕೂತಿರಲಿಲ್ಲ. ರುಮಾಲನ್ನು ಒತ್ತಿ ಹಿಡಿದು, ಚಪ್ಪಲಿಯನ್ನು ಹೊರಗೆ ಬಿಡಬೇಕೋ ಏನೋ ಎಂದು ಒಂದು ಗಳಿಗೆ ಅನುಮಾನಿಸಿ, ಹಾಗೆಯೇ ಹತ್ತಿದ. ಚರ್ಮದ ಆಸನ ಅವನು ಎಣಿಸಿದ್ದಕ್ಕಿಂತ ತಗ್ಗಾಗಿತ್ತು. ಸುಂದರೇಶ ಗಾಡಿಯನ್ನು ಬೀದಿಗೆ ತಂದ.

ತಿರುವಿನಲ್ಲಿ ಅಂಚೆಪೆಟ್ಟಿಗೆ ಇತ್ತು. ಸುಂದರೇಶ ಎಂಜಿನು ಆರಿಸದೆ ಗಾಡಿ ನಿಲ್ಲಿಸಿ ಇಳಿದ. ಅವನ ಭಾರ ತೊಲಗಿದೊಡನೆ ಬಲಬದಿ ಮೇಲೆದ್ದಿತು. ಸವರಿಯಪ್ಪ ತನ್ನ ಕಡೆಗೆ ಇಳಿದ ಗಾಡಿಯ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡ. ಲಕೋಟೆ ತಗಡಿನ ತಳಕ್ಕೆ ಬಿದ್ದ ಸದ್ದು ಕೇಳಿಸಿತು. ಅವನು ಅತ್ತ ನೋಡಲಿಲ್ಲ. ಸುಂದರೇಶ ಮರಳಿ ಬಂದು ಕೂತ. ಬಲಬದಿ ಇಳಿಯಿತು.

ಹಿಂದೆ ಬರುತ್ತಿದ್ದ ಜಟಕಾದವನು ಅವರನ್ನು ದೊಡ್ಡ ಗಡಿಯಾರದವರೆಗೂ ನೋಡಿದ. ಒಂದು ಗೇಣು ಬಿಟ್ಟು ಕೂತ ಇಬ್ಬರು, ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ ಮುಖ ಮಾಡಿದ್ದರು. ಅವರ ಕೆಳಗೆ ಕೆಂಪು ಗಾಡಿ ಯಾವ ಕಡೆಗೂ ವಾಲದೆ ಹೋಗುತ್ತಿತ್ತು.